ಆಪ್ಟಿಕಲ್ ಫೈಬರ್ ಸಂವಹನದ ಆರಂಭದ ವರ್ಷಗಳು: ಕಪಾನಿ, ಕಾವೋ ಮತ್ತು ಗಾಜಿನ ಶುದ್ಧತೆಯ ಪ್ರಶ್ನೆ

ಭೌತಪ್ರಿಯ:

ಎಲ್ಲರಿಗೂ ನಮಸ್ಕಾರ. ನಾನು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸುತ್ತೇನೆ. ಬೆಳಕಿನ ಪೂರ್ಣ ಆಂತರಿಕ ಪ್ರತಿಫಲನದ ಪಾಠ ಬಂದಾಗ ಆಪ್ಟಿಕಲ್ ಫೈಬರಿನ ಉದಾಹರಣೆಯನ್ನು ಕೊಡಲೇಬೇಕಾಗುತ್ತದೆ. ಕೊಟ್ಟ ಕೂಡಲೇ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಯೂ ಬಹುಮಟ್ಟಿಗೆ ಒಂದೇ. ಫೈಬರನ್ನು ಕಂಡುಹಿಡಿದವರು ಪಂಜಾಬಿನಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಎಂದು ಸಾಮಾನ್ಯಜ್ಞಾನದ ಪುಸ್ತಕಗಳು ಹೇಳುತ್ತವೆ, ಆದರೆ 2009ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿಯ ಅರ್ಧ ಭಾಗ ಚಾರ್ಲ್ಸ್ ಕಾವೋ ಅವರಿಗೆ ಸಂದಿತು. ಇವೆರಡನ್ನೂ ಒಟ್ಟಿಗೆ ಹೇಗೆ ಅರ್ಥಮಾಡಿಕೊಳ್ಳಬೇಕು ಎಂಬುದೇ ಆ ಪ್ರಶ್ನೆ. ಪಠ್ಯಪುಸ್ತಕವನ್ನು ಓದಿದರೆ, ಗಾಜಿನ ಎಳೆಯೊಳಗೆ ಬೆಳಕು ಪ್ರತಿಫಲಿಸುತ್ತ ಸಾಗುತ್ತದೆ ಎಂಬಲ್ಲಿಗೆ ವಿಷಯ ಮುಗಿದಂತೆ ತೋರುತ್ತದೆ. ಅಷ್ಟೇ ಆಗಿದ್ದರೆ, ಆ ತತ್ತ್ವ ತಿಳಿದ ಮೇಲೂ ದೂರವಾಣಿಯ ಮಾತು ಫೈಬರಿನಲ್ಲಿ ಹರಿಯಲು ಅಷ್ಟೊಂದು ದಶಕಗಳು ಏಕೆ ಬೇಕಾದವು? ಈ ಕ್ಷೇತ್ರದಲ್ಲಿ ಕೆಲಸ ಮಾಡಿದ ಹಿರಿಯರು ಇಲ್ಲಿದ್ದಾರೆ. ಆರಂಭದ ವರ್ಷಗಳ ಬೆಳವಣಿಗೆಯನ್ನು ವಿವರವಾಗಿ ತಿಳಿಸಿಕೊಡಬೇಕೆಂದು ಕೋರುತ್ತೇನೆ.

ಪ್ರಸರಣ ವಿಭಾಗದ ನಿವೃತ್ತ:

ಮೇಡಂ, ತಮ್ಮ ಕೊನೆಯ ಪ್ರಶ್ನೆಯೇ ಮುಖ್ಯವಾದದ್ದು. ಬೆಳಕನ್ನು ಬಾಗಿಸಿ ಒಯ್ಯುವ ಉಪಾಯ ಹತ್ತೊಂಬತ್ತನೆಯ ಶತಮಾನದ್ದು. ಜಿನೀವಾದಲ್ಲಿ ಡೇನಿಯಲ್ ಕೊಲಡಾನ್ ಅವರು 1841ರಲ್ಲಿ, ಲಂಡನ್ನಿನಲ್ಲಿ ಜಾನ್ ಟಿಂಡಲ್ ಅವರು 1854ರಲ್ಲಿ, ಬಾಗಿ ಬೀಳುವ ನೀರಿನ ಧಾರೆಯೊಳಗೆ ಬೆಳಕು ಅದರ ಜೊತೆಯಲ್ಲೇ ಬಾಗುವುದನ್ನು ಸಭಿಕರಿಗೆ ತೋರಿಸಿದ್ದರು. 1930ರಲ್ಲಿ ಮ್ಯೂನಿಕ್‌ನ ವೈದ್ಯ ವಿದ್ಯಾರ್ಥಿ ಹೈನ್ರಿಕ್ ಲಾಮ್ ಗಾಜಿನ ಎಳೆಗಳ ಕಂತೆಯೊಂದರ ಮೂಲಕ ವಿದ್ಯುದ್ದೀಪದ ತಂತಿಯ ಬಿಂಬವನ್ನು ಇನ್ನೊಂದು ತುದಿಗೆ ಸಾಗಿಸಿದರು. ಅವರ ಉದ್ದೇಶ ರೋಗಿಯ ಹೊಟ್ಟೆಯೊಳಗೆ ನೋಡುವುದಾಗಿತ್ತು. ಸಂವಹನದ ಯೋಚನೆ ಅಲ್ಲಿರಲಿಲ್ಲ.

ಮುಂದಿನ ಹೆಜ್ಜೆ 1954ರ ಜನವರಿಯಲ್ಲಿ ಬಂತು. ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಲೇಖನಗಳು ಪ್ರಕಟವಾದವು. ಒಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಹೆರಾಲ್ಡ್ ಹಾಪ್ಕಿನ್ಸ್ ಮತ್ತು ಅವರ ವಿದ್ಯಾರ್ಥಿ ಕಪಾನಿಯವರದು. ಇನ್ನೊಂದು ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿದ್ದ ಅಬ್ರಹಾಂ ವಾನ್ ಹೀಲ್ ಅವರದು. ಕಪಾನಿಯವರು ಸಾವಿರಾರು ಎಳೆಗಳನ್ನು ಕ್ರಮ ತಪ್ಪದಂತೆ ಜೋಡಿಸಿ ಉತ್ತಮ ಬಿಂಬವನ್ನು ಪಡೆದಿದ್ದರು, ಆದರೆ ಅವರ ಎಳೆಗಳು ಬರಿಯ ಗಾಜಿನವಾಗಿದ್ದವು. ಬರಿಯ ಗಾಜಿಗೆ ಬೆರಳಿನ ಜಿಡ್ಡು, ಧೂಳು ಅಥವಾ ಪಕ್ಕದ ಎಳೆ ತಗುಲಿದಲ್ಲೆಲ್ಲ ಬೆಳಕು ಹೊರಗೆ ಸೋರುತ್ತದೆ. ವಾನ್ ಹೀಲ್ ಅವರು ಅಮೆರಿಕದ ಬ್ರಯನ್ ಒಬ್ರಯನ್ ಕೊಟ್ಟ ಸಲಹೆಯಂತೆ, ಎಳೆಯ ಮೇಲೆ ಕಡಿಮೆ ವಕ್ರೀಭವನ ಸೂಚ್ಯಂಕದ, ಎಂದರೆ ಬೆಳಕನ್ನು ಕಡಿಮೆ ಬಾಗಿಸುವ ವಸ್ತುವಿನ, ಹೊದಿಕೆಯನ್ನು ಕೊಟ್ಟರು. ಪ್ರತಿಫಲನವು ಹೊರ ಮೇಲ್ಮೈಯಲ್ಲಿ ನಡೆಯದೆ ತಿರುಳು ಮತ್ತು ಹೊದಿಕೆ ಸೇರುವ ಗಡಿಯಲ್ಲಿ ನಡೆಯುವಂತಾಯಿತು. ಇಂದಿನ ಪ್ರತಿಯೊಂದು ಫೈಬರಿನ ರಚನೆಗೂ ಇದೇ ಆಧಾರ. 1956ರ ಕೊನೆಯಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಾರೆನ್ಸ್ ಕರ್ಟಿಸ್ ಹೆಚ್ಚು ಸೂಚ್ಯಂಕದ ಗಾಜಿನ ಸಲಾಕೆಯನ್ನು ಕಡಿಮೆ ಸೂಚ್ಯಂಕದ ಗಾಜಿನ ಕೊಳವೆಯೊಳಗಿಟ್ಟು, ಎರಡನ್ನೂ ಒಟ್ಟಿಗೆ ಕಾಯಿಸಿ ಎಳೆದು, ಹೊದಿಕೆಯೂ ಗಾಜೇ ಆಗಿರುವ ಫೈಬರನ್ನು ಮಾಡಿದರು. ಜಠರದರ್ಶಕದ ಮಟ್ಟಿಗೆ ಸಮಸ್ಯೆ ಅಲ್ಲಿಗೆ ಬಗೆಹರಿಯಿತು; ಮರುವರ್ಷವೇ ವೈದ್ಯ ಬೇಸಿಲ್ ಹಿರ್ಷೊವಿಟ್ಜ್ ಅದನ್ನು ಮೊದಲು ತಮ್ಮ ಗಂಟಲಿನಲ್ಲಿಯೇ ಇಳಿಸಿಕೊಂಡು ಪರೀಕ್ಷಿಸಿದರು.

ದೂರವಾಣಿಗೆ ಮಾತ್ರ ಇದರಿಂದ ಯಾವ ಪ್ರಯೋಜನವೂ ಕಾಣಲಿಲ್ಲ. ಅಂದಿನ ಒಳ್ಳೆಯ ಫೈಬರಿನಲ್ಲಿಯೂ ಬೆಳಕಿನ ನಷ್ಟ ಮೀಟರಿಗೆ ಸುಮಾರು 1 ಡೆಸಿಬೆಲ್ ಇತ್ತು.

ಕರಾವಳಿಯ ಓದುಗ:

ಹಿರಿಯರ ವಿವರಣೆಗೆ ಧನ್ಯವಾದಗಳು. ಆದರೂ ಕಪಾನಿಯವರ ಪಾತ್ರವನ್ನು ಒಂದೇ ಲೇಖನಕ್ಕೆ ಸೀಮಿತಗೊಳಿಸುವುದು ನ್ಯಾಯವಲ್ಲವೆಂದು ನನಗೆ ಅನ್ನಿಸುತ್ತದೆ. ಮೋಗಾದಲ್ಲಿ ಹುಟ್ಟಿ ಡೆಹ್ರಾಡೂನಿನಲ್ಲಿ ಬೆಳೆದ ಅವರು, 1950ರ ದಶಕದ ಉತ್ತರಾರ್ಧದಲ್ಲಿ ಈ ವಿಷಯದ ಮೇಲೆ ಜಗತ್ತಿನಲ್ಲಿಯೇ ಅತಿ ಹೆಚ್ಚು ಬರೆದವರಲ್ಲಿ ಒಬ್ಬರು. 1960ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ಮೂಲಕ ಈ ಹೊಸ ಶಾಖೆಯನ್ನು ಸಾಮಾನ್ಯ ಓದುಗರಿಗೆ ಪರಿಚಯಿಸಿದವರೂ ಅವರೇ. ನೂರಕ್ಕೂ ಹೆಚ್ಚು ಪೇಟೆಂಟುಗಳನ್ನು ಪಡೆದ ಈ ವಿಜ್ಞಾನಿಗೆ ನಮ್ಮ ಸರ್ಕಾರ ಪದ್ಮವಿಭೂಷಣ ಕೊಟ್ಟದ್ದು 2021ರಲ್ಲಿ, ಅದೂ ಅವರು ತೀರಿಕೊಂಡ ಮೇಲೆ. 2009ರಲ್ಲಿ ಪ್ರಶಸ್ತಿಯ ಉಳಿದರ್ಧ ಫೈಬರಿಗೆ ಸಂಬಂಧವೇ ಇಲ್ಲದ, ಕ್ಯಾಮೆರಾಗಳಲ್ಲಿ ಬಳಸುವ ಸಿಸಿಡಿ ಸಂವೇದಕವನ್ನು ರೂಪಿಸಿದ ಬಾಯ್ಲ್ ಮತ್ತು ಸ್ಮಿತ್ ಅವರಿಗೆ ಹೋಯಿತು. ಕಪಾನಿಯವರನ್ನು ಕಾವೋ ಅವರ ಜೊತೆಯಲ್ಲಿ ಗೌರವಿಸಲು ಅಡ್ಡಿಯೇನಿತ್ತು?

ಗಾಜುಕುಲುಮೆ:

ಓದುಗರೇ, ತಮ್ಮ ಅಭಿಮಾನವನ್ನು ನಾನು ಗೌರವಿಸುತ್ತೇನೆ, ಮತ್ತು ಕಪಾನಿಯವರ ಕೆಲಸ ದೊಡ್ಡದೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ನೊಬೆಲ್ ಸಮಿತಿಯು ಪ್ರಶಸ್ತಿ ಕೊಟ್ಟದ್ದು ಸಂವಹನಕ್ಕಾಗಿ ಫೈಬರಿನಲ್ಲಿ ಬೆಳಕನ್ನು ಸಾಗಿಸುವ ಸಾಧನೆಗೆ. ನಾನು ಗಾಜು ಮತ್ತು ಸೆರಾಮಿಕ್ ವಸ್ತುಗಳ ವಿಭಾಗದಲ್ಲಿ ಕೆಲಸ ಮಾಡುವವನಾದ್ದರಿಂದ, ಈ ಇತಿಹಾಸದ ತಿರುವು ಬೆಳಕಿನ ಶಾಸ್ತ್ರದಲ್ಲಿಲ್ಲ, ಗಾಜಿನ ರಸಾಯನಶಾಸ್ತ್ರದಲ್ಲಿದೆ ಎಂದು ನನಗೆ ಕಾಣುತ್ತದೆ. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಮೊದಲು ಲೆಕ್ಕ. 20 ಡೆಸಿಬೆಲ್ ನಷ್ಟವೆಂದರೆ ಒಳಗೆ ಬಿಟ್ಟ ಬೆಳಕಿನಲ್ಲಿ ನೂರರಲ್ಲಿ ಒಂದು ಪಾಲು ಉಳಿಯಿತೆಂದು ಅರ್ಥ. ಮೀಟರಿಗೆ 1 ಡೆಸಿಬೆಲ್ ನಷ್ಟವಿರುವ ಫೈಬರಿನಲ್ಲಿ ಬೆಳಕು ಈ ಸ್ಥಿತಿಯನ್ನು 20 ಮೀಟರಿಗೇ ಮುಟ್ಟುತ್ತದೆ. ಒಂದು ಕಿಲೋಮೀಟರ್ ಹೋದರೆ ನಷ್ಟ 1000 ಡೆಸಿಬೆಲ್. ಎಂದರೆ ಒಂದರ ಮುಂದೆ ನೂರು ಸೊನ್ನೆಗಳಿರುವ ಸಂಖ್ಯೆಯಿಂದ ಭಾಗಿಸಿದಷ್ಟು ಬೆಳಕು. ಯಾವ ಲೇಸರನ್ನು ಹಚ್ಚಿದರೂ ಆ ತುದಿಯಲ್ಲಿ ಒಂದು ಫೋಟಾನನ್ನೂ ನಿರೀಕ್ಷಿಸುವಂತಿಲ್ಲ. 1960ರಲ್ಲಿ ಥಿಯೊಡೋರ್ ಮೈಮನ್ ಮೊದಲ ಲೇಸರನ್ನು ಬೆಳಗಿಸಿದ ಮೇಲೆ ದೂರಸಂಪರ್ಕದ ಪ್ರಯೋಗಾಲಯಗಳೆಲ್ಲ ಬೆಳಕಿನ ಕಡೆ ತಿರುಗಿದರೂ, ಗಾಜಿನ ಎಳೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯದಿದ್ದುದಕ್ಕೆ ಕಾರಣ ಇದೇ. ಬಯಲಿನಲ್ಲಿ ಲೇಸರ್ ಕಿರಣವನ್ನು ಬಿಟ್ಟರೆ ಮಳೆ ಮತ್ತು ಮಂಜು ಅದನ್ನು ತಡೆಯುತ್ತವೆ. ಹಾಗಾಗಿ ಅಮೆರಿಕದ ಬೆಲ್ ಪ್ರಯೋಗಾಲಯವು ಪೊಳ್ಳು ಕೊಳವೆಗಳೊಳಗೆ ಸಾಲಾಗಿ ಮಸೂರಗಳನ್ನಿಟ್ಟು, ಅನಿಲವನ್ನೇ ಮಸೂರದಂತೆ ಬಳಸಿ, ಕಿರಣವನ್ನು ಸಾಗಿಸಲು ನೋಡುತ್ತಿತ್ತು. ಅದರ ಹೆಚ್ಚಿನ ಭರವಸೆ ಇದ್ದದ್ದು ಮಿಲಿಮೀಟರ್ ತರಂಗಗಳನ್ನು ಒಯ್ಯುವ ಲೋಹದ ಕೊಳವೆಯ ಮೇಲೆ. ಹಣ, ಜನ, ಅನುಭವ ಎಲ್ಲವೂ ಅಲ್ಲಿದ್ದವು; ಆದರೂ ಈ ಪ್ರಶ್ನೆಯನ್ನು ಸರಿಯಾಗಿ ಕೇಳಿದ್ದು ಬೇರೆ ಕಡೆ.

ಇಂಗ್ಲೆಂಡಿನ ಎಸೆಕ್ಸ್ ಜಿಲ್ಲೆಯ ಹಾರ್ಲೊ ಎಂಬಲ್ಲಿ ಸ್ಟ್ಯಾಂಡರ್ಡ್ ಟೆಲಿಕಮ್ಯುನಿಕೇಶನ್ ಪ್ರಯೋಗಾಲಯವಿತ್ತು. ಧ್ವನಿಯನ್ನು ಅಂಕಿಗಳಾಗಿ ಬದಲಿಸಿ ಕಳುಹಿಸುವ ಪಿಸಿಎಂ ಪದ್ಧತಿಯನ್ನು 1937ರಲ್ಲಿಯೇ ಕಲ್ಪಿಸಿದ್ದ ಅಲೆಕ್ ರೀವ್ಸ್ ಅಲ್ಲಿನ ಹಿರಿಯರು. ಬೆಳಕಿನ ತರಂಗಗಳ ತಂಡವನ್ನು ನಡೆಸುತ್ತಿದ್ದ ಆಂಟನಿ ಕಾರ್ಬೊವಿಯಾಕ್ 1964ರಲ್ಲಿ ಆಸ್ಟ್ರೇಲಿಯಾಕ್ಕೆ ಹೋದಾಗ, ಶಾಂಘೈಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ಓದಿದ್ದ ಚಾರ್ಲ್ಸ್ ಕಾವೋ ಹೊಣೆ ವಹಿಸಿಕೊಂಡರು. ಅವರ ಜೊತೆಗಿದ್ದ ಯುವ ಎಂಜಿನಿಯರ್ ಜಾರ್ಜ್ ಹಾಕಮ್. ಗಾಜಿನಲ್ಲಿ ಬೆಳಕು ಇಷ್ಟು ನಷ್ಟವಾಗುವುದು ಗಾಜಿನ ಸ್ವಭಾವವೇ ಅಥವಾ ಅದರಲ್ಲಿ ಸೇರಿರುವ ಕಶ್ಮಲದ ಕೆಲಸವೇ ಎಂದು ಇವರು ಕೇಳಿದರು. ಕಿಟಕಿಯ ಗಾಜನ್ನು ಅಂಚಿನ ಕಡೆಯಿಂದ ನೋಡಿದರೆ ಹಸಿರಾಗಿ ಕಾಣುವುದನ್ನು ನಾವೆಲ್ಲ ಗಮನಿಸಿದ್ದೇವೆ. ಅದು ಕಬ್ಬಿಣದ ಅಯಾನುಗಳ ಬಣ್ಣ. ಅಂಥ ಲೋಹಗಳ ಅಂಶವನ್ನು ದಶಲಕ್ಷಕ್ಕೆ ಒಂದು ಭಾಗದ ಆಸುಪಾಸಿಗೆ ಇಳಿಸಿದರೆ ನಷ್ಟ ಕಿಲೋಮೀಟರಿಗೆ 20 ಡೆಸಿಬೆಲ್‌ಗಿಂತ ಕಡಿಮೆಯಾಗಬಹುದೆಂದು ಅವರು ವಾದಿಸಿದರು. ಅಷ್ಟಾದರೆ ಸಾಕು, ತಾಮ್ರದ ಕೇಬಲ್‌ಗಳ ಜೊತೆ ಫೈಬರ್ ಸ್ಪರ್ಧಿಸಬಲ್ಲದು ಎಂಬುದು ಅವರ ಎಣಿಕೆ.

1966ರ ಜನವರಿಯಲ್ಲಿ ಲಂಡನ್ನಿನ ವಿದ್ಯುತ್ ಎಂಜಿನಿಯರುಗಳ ಸಂಸ್ಥೆಯಲ್ಲಿ ಇದನ್ನು ಮಂಡಿಸಲಾಯಿತು, ಜುಲೈಯಲ್ಲಿ ಅದೇ ಸಂಸ್ಥೆಯ ನಡಾವಳಿಯಲ್ಲಿ ಪ್ರಕಟವಾಯಿತು. ಬೆಳಕಿನ ತರಂಗಾಂತರದಷ್ಟೇ ವ್ಯಾಸದ ತಿರುಳು, ಅದರ ನೂರರಷ್ಟು ಒಟ್ಟು ವ್ಯಾಸ, ತಿರುಳಿಗೂ ಹೊದಿಕೆಗೂ ಸೂಚ್ಯಂಕದಲ್ಲಿ ಶೇಕಡಾ ಒಂದರಷ್ಟು ವ್ಯತ್ಯಾಸ. ಇದು ಅವರು ಸೂಚಿಸಿದ ಫೈಬರ್. ಇಂಥ ಒಂದು ಎಳೆಯಲ್ಲಿ ಸುಮಾರು 200 ದೂರದರ್ಶನ ವಾಹಿನಿಗಳು ಅಥವಾ 2 ಲಕ್ಷಕ್ಕೂ ಹೆಚ್ಚು ದೂರವಾಣಿ ಕರೆಗಳು ಸಾಗಬಹುದೆಂದು ಅಂದು ಅಂದಾಜಿಸಿದ್ದರು. ಕಪಾನಿಯವರ ಫೈಬರ್ ಬಿಂಬವನ್ನು ಒಂದೆರಡು ಮೀಟರ್ ಒಯ್ಯಲು ರೂಪುಗೊಂಡದ್ದು, ಅಲ್ಲಿ ಈ ಪ್ರಶ್ನೆ ಏಳುವ ಸಂದರ್ಭವೇ ಇರಲಿಲ್ಲ. ಅವರನ್ನು ಕಡೆಗಣಿಸಿ ಈ ಮಾತು ಹೇಳುತ್ತಿಲ್ಲ. ಅವರ ಸಾಧನೆಯನ್ನು ಅದು ನಡೆದ ಕ್ಷೇತ್ರದಲ್ಲಿಯೇ ಗುರುತಿಸಬೇಕೆಂಬುದು ನನ್ನ ಅಭಿಪ್ರಾಯ.

ಭೌತಪ್ರಿಯ:

ಬಹಳ ಸ್ಪಷ್ಟವಾದ ವಿವರಣೆ. ಎರಡು ವಿಷಯ ಕೇಳಬೇಕಿದೆ. ಮೊದಲನೆಯದು, ಹಾಕಮ್ ಅವರ ಪಾಲೇನು? ಎರಡನೆಯದು, ಶುದ್ಧವಾದ ಗಾಜು ಇನ್ನೂ ಇಲ್ಲದಿರುವಾಗ ಅದರ ನಷ್ಟ ಕಡಿಮೆಯೆಂದು ಕಾವೋ ಅವರು ತೋರಿಸಿಕೊಟ್ಟದ್ದು ಹೇಗೆ? ಕೇವಲ ಊಹೆಯ ಮೇಲೆ ಕೈಗಾರಿಕೆಗಳು ಹಣ ಹಾಕಿರಲಾರವು.

ಗಾಜುಕುಲುಮೆ:

ಹಾಕಮ್ ಅವರದು ಮುಖ್ಯವಾಗಿ ತರಂಗಸಿದ್ಧಾಂತದ ಭಾಗ. ಫೈಬರ್ ಬಾಗಿದಾಗ, ಅದರ ದಪ್ಪ ಅಲ್ಲಲ್ಲಿ ಏರುಪೇರಾದಾಗ ಬೆಳಕು ಎಷ್ಟು ಹೊರಚೆಲ್ಲುತ್ತದೆ ಎಂಬುದನ್ನು ಅವರು ಲೆಕ್ಕ ಹಾಕಿದರು. ಆ ನಷ್ಟ ನಿಭಾಯಿಸಬಹುದಾದಷ್ಟೇ ಎಂದು ತಿಳಿಯದೆ ಹೋಗಿದ್ದರೆ ಗಾಜನ್ನು ಶುದ್ಧಗೊಳಿಸುವ ಮಾತಿಗೆ ಬೆಲೆಯೇ ಇರುತ್ತಿರಲಿಲ್ಲ. ಅವರ ಹೆಸರು ಇಂದು ಅಷ್ಟಾಗಿ ಕೇಳಿಬರದಿರುವುದು ನನಗೆ ಬೇಸರ ತರುವ ಸಂಗತಿ.

ಮಾಪನದ ಕಥೆ ನನ್ನ ದೃಷ್ಟಿಯಲ್ಲಿ ಇಡೀ ಇತಿಹಾಸದ ಅತ್ಯಂತ ಕಠಿಣವಾದ ಅಧ್ಯಾಯ. ಕಿಲೋಮೀಟರಿಗೆ 20 ಡೆಸಿಬೆಲ್ ನಷ್ಟವಿರುವ ಗಾಜಿನ 20 ಸೆಂಟಿಮೀಟರ್ ಉದ್ದದ ತುಂಡೊಂದನ್ನು ತೆಗೆದುಕೊಂಡೆವೆನ್ನಿ. ಅದು ಹೀರುವ ಬೆಳಕು ಸಾವಿರಕ್ಕೆ ಒಂದು ಭಾಗಕ್ಕೂ ಕಡಿಮೆ. ಆದರೆ ಅದರ ಎರಡು ತುದಿಗಳಲ್ಲಿಯೂ ಪ್ರತಿಫಲನದಿಂದ ತಲಾ ಶೇಕಡಾ ನಾಲ್ಕರಷ್ಟು ಬೆಳಕು ಹೋಗುತ್ತದೆ. ತುದಿಯ ನಯಗೊಳಿಸುವಿಕೆಯಲ್ಲಿ ಕೂದಲೆಳೆಯ ವ್ಯತ್ಯಾಸವಾದರೂ ಅಳೆಯಬೇಕಾದದ್ದೇ ಮುಚ್ಚಿಹೋಗುತ್ತದೆ. ಕಾವೋ ಮತ್ತು ಅವರ ಸಹೋದ್ಯೋಗಿ ಜೋನ್ಸ್ ಬೇರೆ ಬೇರೆ ಉದ್ದದ ಮಾದರಿಗಳನ್ನು ಎರಡು ಕಿರಣಗಳಿಂದ ಹೋಲಿಸುವ ಉಪಕರಣವನ್ನು ಕಟ್ಟಿ, ವರ್ಷಗಟ್ಟಲೆ ಶ್ರಮಿಸಿ, 1960ರ ದಶಕದ ಕೊನೆಯಲ್ಲಿ ಸಿಲಿಕಾ ಗಾಜಿನ ನಷ್ಟ ಕಿಲೋಮೀಟರಿಗೆ 5 ಡೆಸಿಬೆಲ್‌ನ ಆಸುಪಾಸಿನಲ್ಲಿದೆ ಎಂದು ತೋರಿಸಿದರು. ಅಲ್ಲಿಯವರೆಗೆ ಅಪನಂಬಿಕೆಯಿಂದ ನೋಡುತ್ತಿದ್ದವರು ಆಮೇಲೆ ಇದನ್ನು ಪರಿಗಣಿಸತೊಡಗಿದರು. ಲೇಖನಕ್ಕಿಂತಲೂ ಈ ಮಾಪನವೇ ಕಾವೋ ಅವರ ದೊಡ್ಡ ಕೊಡುಗೆಯೆಂದು ಹೇಳಲು ನನಗೆ ಹಿಂಜರಿಕೆಯಿಲ್ಲ. ಇದರ ಜೊತೆಗೆ ಅವರು ಅಮೆರಿಕ ಮತ್ತು ಜಪಾನಿನ ಪ್ರಯೋಗಾಲಯಗಳಿಗೆ ತಾವೇ ಹೋಗಿ ಒತ್ತಾಯಿಸಿದರು.

ಇನ್ನು ಅಂಥ ಗಾಜನ್ನು ಎಳೆಯಾಗಿ ಎಳೆದವರು ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಕಂಪನಿಯ ರಾಬರ್ಟ್ ಮೌರರ್, ಡೊನಾಲ್ಡ್ ಕೆಕ್ ಮತ್ತು ಪೀಟರ್ ಶುಲ್ಟ್ಜ್. ಬ್ರಿಟಿಷ್ ಅಂಚೆ ಇಲಾಖೆಯ ಸಂಶೋಧಕರಿಂದ ಈ ಬೇಡಿಕೆ ಅವರಿಗೆ ತಲುಪಿತ್ತು. ಬೇರೆಯವರು ಕಡಿಮೆ ಉಷ್ಣತೆಯಲ್ಲಿ ಕರಗುವ ಸಾಮಾನ್ಯ ಗಾಜನ್ನೇ ಶುದ್ಧಗೊಳಿಸಲು ಹೆಣಗುತ್ತಿದ್ದಾಗ, ಮೌರರ್ ಅದಕ್ಕೆ ವಿರುದ್ಧವಾದ ದಾರಿ ಹಿಡಿದರು. ಸಿಲಿಕಾವನ್ನು ಎಳೆಯಾಗಿ ಎಳೆಯಲು ಸುಮಾರು 2000 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅದರ ವಕ್ರೀಭವನ ಸೂಚ್ಯಂಕವೂ ಬಹಳ ಕಡಿಮೆಯಾದ್ದರಿಂದ, ಅದಕ್ಕಿಂತ ಕಡಿಮೆ ಸೂಚ್ಯಂಕದ ಗಾಜನ್ನು ಹೊದಿಕೆಗೆ ಹುಡುಕುವುದು ಕಷ್ಟ. ಹಾಗಾಗಿ ಅವರು ಶುದ್ಧ ಸಿಲಿಕಾವನ್ನು ಹೊದಿಕೆಗೆ ಇಟ್ಟು, ತಿರುಳಿನ ಸಿಲಿಕಾಕ್ಕೆ ಬೇಕೆಂದೇ ಸ್ವಲ್ಪ ಟೈಟಾನಿಯಂ ಸೇರಿಸಿ ಸೂಚ್ಯಂಕವನ್ನು ಏರಿಸಿದರು. ಗಾಜನ್ನು ಕುಲುಮೆಯಲ್ಲಿ ಕರಗಿಸಲಿಲ್ಲ. ಸಿಲಿಕಾನಿನ ಕ್ಲೋರೈಡ್ ಆವಿಯನ್ನು ಜ್ವಾಲೆಯಲ್ಲಿ ಹಾಯಿಸಿ ಬಂದ ಸೂಕ್ಷ್ಮವಾದ ಬಿಳಿಯ ಮಸಿಯಿಂದ ಅದನ್ನು ಕಟ್ಟಿದರು. ಆವಿಯನ್ನು ಬಟ್ಟಿ ಇಳಿಸಿ ಶುದ್ಧಗೊಳಿಸಬಹುದಾದ್ದರಿಂದ ಕಬ್ಬಿಣ ಹಿಂದೆಯೇ ಉಳಿಯುತ್ತದೆ. ಈ ವಿಧಾನವನ್ನು ಕಾರ್ನಿಂಗ್‌ನಲ್ಲಿಯೇ ಫ್ರಾಂಕ್ಲಿನ್ ಹೈಡ್ 1930ರ ದಶಕದಲ್ಲಿ ಬೇರೆ ಉದ್ದೇಶಕ್ಕಾಗಿ ಕಂಡುಹಿಡಿದಿದ್ದರು.

1970ರ ಆಗಸ್ಟಿನಲ್ಲಿ ಕೆಕ್ ಅಳೆದು ನೋಡಿದಾಗ ಕಿಲೋಮೀಟರಿಗೆ ಸುಮಾರು 17 ಡೆಸಿಬೆಲ್ ಬಂತು. ಪ್ರಯೋಗದ ದಾಖಲೆ ಪುಸ್ತಕದಲ್ಲಿ ಅವರು ಅಂಕಿಯ ಜೊತೆಗೆ ಸಂತೋಷದ ಒಂದು ಉದ್ಗಾರವನ್ನೂ ಬರೆದಿಟ್ಟಿದ್ದಾರೆ. ಆದರೂ ಆ ಫೈಬರ್ ಕೇಬಲ್‌ಗೆ ಒಗ್ಗುವಂಥದ್ದಾಗಿರಲಿಲ್ಲ. ಟೈಟಾನಿಯಂನಿಂದ ಬರುವ ಬಣ್ಣವನ್ನು ತೆಗೆಯಲು ಎಳೆದ ಮೇಲೆ ಮತ್ತೆ ಕಾಯಿಸಬೇಕಿತ್ತು, ಕಾಯಿಸಿದರೆ ಅದು ಪೆಡಸಾಗಿ ಮುರಿಯುತ್ತಿತ್ತು. 1972ರಲ್ಲಿ ಟೈಟಾನಿಯಂ ಬದಲಿಗೆ ಜರ್ಮೇನಿಯಂ ಬಳಸಿದಾಗ ಆ ತೊಂದರೆ ತಪ್ಪಿತು, ನಷ್ಟ 4 ಡೆಸಿಬೆಲ್‌ಗೆ ಇಳಿಯಿತು. ಇಂದಿನ ಫೈಬರಿನ ತಿರುಳಿನಲ್ಲಿಯೂ ಜರ್ಮೇನಿಯಮ್ಮೇ ಇದೆ.

ಪ್ರಸರಣ ವಿಭಾಗದ ನಿವೃತ್ತ:

ಗಾಜಿನ ಜೊತೆಗೆ ದೀಪದ ಮಾತನ್ನೂ ಸೇರಿಸಬೇಕು. ಅರೆವಾಹಕ ಲೇಸರುಗಳು 1962ರಲ್ಲಿಯೇ ಬಂದಿದ್ದರೂ, ಅವನ್ನು ದ್ರವ ಸಾರಜನಕದಲ್ಲಿ ತಣ್ಣಗಿಟ್ಟು, ಕ್ಷಣಮಾತ್ರದ ಸ್ಪಂದಗಳಲ್ಲಿ ಬೆಳಗಿಸಬೇಕಾಗಿತ್ತು. ದೂರವಾಣಿ ವಿನಿಮಯ ಕೇಂದ್ರದಲ್ಲಿ ಅಂಥದ್ದನ್ನು ನಡೆಸುವುದು ಸಾಧ್ಯವಿರಲಿಲ್ಲ. 1970ರ ಬೇಸಿಗೆಯಲ್ಲಿ ಲೆನಿನ್‌ಗ್ರಾಡಿನ ಝೋರೆಸ್ ಅಲ್ಫೆರೊವ್ ತಂಡವೂ, ಕೆಲವೇ ವಾರಗಳ ಅಂತರದಲ್ಲಿ ಬೆಲ್ ಪ್ರಯೋಗಾಲಯದ ಇಜುವೊ ಹಯಾಶಿ ಮತ್ತು ಮಾರ್ಟನ್ ಪ್ಯಾನಿಶ್ ಅವರೂ, ಗ್ಯಾಲಿಯಂ ಆರ್ಸೆನೈಡ್ ಪದರವನ್ನು ಅಲ್ಯೂಮಿನಿಯಂ ಬೆರೆತ ಎರಡು ಪದರಗಳ ನಡುವೆ ಇಟ್ಟು, ಸಾಮಾನ್ಯ ಕೋಣೆಯ ಉಷ್ಣತೆಯಲ್ಲಿ ನಿರಂತರವಾಗಿ ಬೆಳಗುವ ಲೇಸರನ್ನು ಮಾಡಿದರು. ಕಾರ್ನಿಂಗ್ ಫೈಬರಿನ ವರ್ಷವೂ ಅದೇ. ಆದರೆ ಮೊದಲ ಲೇಸರುಗಳ ಆಯುಷ್ಯ ಬಹಳ ಅಲ್ಪವಾಗಿತ್ತು. ಹರಳಿನ ದೋಷಗಳು ಬೆಳಗುವ ಪದರದೊಳಗೆ ಕಪ್ಪು ಗೆರೆಗಳಂತೆ ಹಬ್ಬಿ ಅದನ್ನು ಆರಿಸುತ್ತಿದ್ದವು. ವರ್ಷಕ್ಕೆ 8,760 ಗಂಟೆ ಎಡೆಬಿಡದೆ ಕೆಲಸ ಮಾಡಬೇಕಾದ ಸಾಧನವಾಗಿ ಅದನ್ನು ಪಳಗಿಸಲು ದಶಕದ ಬಹುಭಾಗ ಹಿಡಿಯಿತು. ತಾಮ್ರದ ಏಕಾಕ್ಷ ಕೇಬಲ್‌ನಲ್ಲಿ ಕೆಲವೇ ಕಿಲೋಮೀಟರುಗಳಿಗೊಂದರಂತೆ, ಕ್ಷೀಣಿಸಿದ ಸಂಕೇತವನ್ನು ಮತ್ತೆ ಬಲಪಡಿಸುವ ರಿಪೀಟರುಗಳನ್ನು ಇಟ್ಟು ಕಾಪಾಡಿದ ನನ್ನಂಥವರಿಗೆ, ಒಂದು ಬಿಡಿಭಾಗದ ಆಯುಷ್ಯ ಎಷ್ಟು ಮುಖ್ಯವೆಂಬುದು ಬೇಗ ಅರ್ಥವಾಗುತ್ತದೆ.

1974ರಲ್ಲಿ ಬೆಲ್ ಪ್ರಯೋಗಾಲಯದ ಜಾನ್ ಮೆಕ್‌ಚೆಸ್ನಿ ಗಾಜಿನ ಪದರಗಳನ್ನು ಕೊಳವೆಯ ಒಳಗೋಡೆಯ ಮೇಲೆಯೇ ಬೆಳೆಸುವ ವಿಧಾನವನ್ನು ತಂದರು. ಹೊರಗಿನ ಜ್ವಾಲೆಯ ನೀರಿನಂಶ ಒಳಗಿನ ಗಾಜಿಗೆ ಸೇರದಂತಾದದ್ದು ಅದರ ದೊಡ್ಡ ಲಾಭ, ಏಕೆಂದರೆ ಗಾಜಿನಲ್ಲಿ ಉಳಿದ ಹೈಡ್ರಾಕ್ಸಿಲ್ ಅವಕೆಂಪು ಬೆಳಕನ್ನು ತೀವ್ರವಾಗಿ ಹೀರುತ್ತದೆ. ಕ್ಷೇತ್ರದ ಪ್ರಯೋಗಗಳು ಆಮೇಲೆ ವೇಗವಾಗಿ ನಡೆದವು. 1977ರ ಏಪ್ರಿಲ್ 22ರಂದು ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ಜಿಟಿಇ ಕಂಪನಿ ಗ್ರಾಹಕರ ನಿಜವಾದ ಕರೆಗಳನ್ನು ಸೆಕೆಂಡಿಗೆ 6 ಮೆಗಾಬಿಟ್ ವೇಗದಲ್ಲಿ ಫೈಬರಿನ ಮೂಲಕ ಸಾಗಿಸಿತು. ಮರುತಿಂಗಳು ಶಿಕಾಗೊದಲ್ಲಿ ಬೆಲ್ ವ್ಯವಸ್ಥೆ 45 ಮೆಗಾಬಿಟ್ ವೇಗದಲ್ಲಿ, ಎಂದರೆ ಒಂದು ಎಳೆಯಲ್ಲಿ 672 ಕರೆಗಳನ್ನು, ಸಾಗಿಸಿತು. ಅದೇ ವರ್ಷ ಇಂಗ್ಲೆಂಡಿನ ಹಿಚಿನ್ ಮತ್ತು ಸ್ಟೀವನೇಜ್ ನಡುವೆ 140 ಮೆಗಾಬಿಟ್ ಮುಟ್ಟಿದರು. ನಮ್ಮ ದೇಶದಲ್ಲಿ 1979ರಲ್ಲಿ ಪುಣೆಯ ಸ್ಥಳೀಯ ವಿನಿಮಯ ಕೇಂದ್ರಗಳ ನಡುವೆ ಮೊದಲ ಫೈಬರ್ ವ್ಯವಸ್ಥೆ ಕೆಲಸ ಆರಂಭಿಸಿತು. ಜಗತ್ತಿನ ಮೊದಲ ಸೇವೆಗಳು ಬಂದ ಎರಡೇ ವರ್ಷಕ್ಕೆ ಇದು ನಡೆಯಿತೆಂಬುದನ್ನು ನಮ್ಮ ವಿದ್ಯಾರ್ಥಿಗಳಿಗೆ ಖಂಡಿತ ಹೇಳಬೇಕು.

ಕರಾವಳಿಯ ಓದುಗ:

ಗಾಜುಕುಲುಮೆಯವರ ವಾದವನ್ನು ಓದಿದ ಮೇಲೆ, ಕಾವೋ ಅವರಿಗೆ ಸಂದ ಗೌರವದ ಬಗ್ಗೆ ನನ್ನ ಆಕ್ಷೇಪ ಉಳಿದಿಲ್ಲ. ಕಪಾನಿಯವರನ್ನು ನಮ್ಮಲ್ಲಿಯೇ ಬದುಕಿರುವಾಗ ಗೌರವಿಸಬೇಕಿತ್ತು ಎಂಬ ಕೊರಗು ಮಾತ್ರ ಹಾಗೆಯೇ ಇದೆ. ಇನ್ನೊಂದು ಅನುಮಾನವಿದೆ. ಕಾವೋ ಅವರು 1966ರಲ್ಲಿ ಸೂಚಿಸಿದ್ದು ಅತಿ ಸಣ್ಣ ತಿರುಳಿನ, ಏಕವಿಧಾನದ ಫೈಬರ್, ಎಂದರೆ ಬೆಳಕು ಒಂದೇ ದಾರಿಯಲ್ಲಿ ಸಾಗುವಂಥದ್ದು. ಆದರೆ 1977ರ ವ್ಯವಸ್ಥೆಗಳಲ್ಲಿ ದಪ್ಪ ತಿರುಳಿನ ಫೈಬರುಗಳು ಇದ್ದವೆಂದು ಓದಿದ್ದೇನೆ. ಹಿಂದಕ್ಕೆ ಹೋದದ್ದು ಏಕೆ?

ಪ್ರಸರಣ ವಿಭಾಗದ ನಿವೃತ್ತ:

ಜೋಡಣೆಯ ಕಷ್ಟದಿಂದ. ಕೆಲವೇ ಮೈಕ್ರೋಮೀಟರ್ ವ್ಯಾಸದ ಎರಡು ತಿರುಳುಗಳನ್ನು ಬೀದಿಯ ಗುಂಡಿಯಲ್ಲಿ ಕುಳಿತು ಎದುರುಬದುರಾಗಿ ಕೂಡಿಸುವುದು, ಅಥವಾ ಅಂದಿನ ಲೇಸರಿನ ಬೆಳಕನ್ನು ಅದರೊಳಗೆ ತುಂಬುವುದು ಸಾಧ್ಯವೆಂದು ಎಂಜಿನಿಯರುಗಳು ನಂಬಲಿಲ್ಲ. 50 ಮೈಕ್ರೋಮೀಟರ್ ತಿರುಳು ಅವರಿಗೆ ಒಗ್ಗಿತು. ಅದರಲ್ಲಿ ಬೆಳಕು ಅನೇಕ ದಾರಿಗಳಲ್ಲಿ ಸಾಗುವುದರಿಂದ ಸ್ಪಂದಗಳು ಹರಡಿ ಒಂದರೊಳಗೊಂದು ಬೆರೆಯುತ್ತವೆ. ಅದನ್ನು ತಗ್ಗಿಸಲು ತಿರುಳಿನ ನಡುವಿನಿಂದ ಅಂಚಿನ ಕಡೆಗೆ ಸೂಚ್ಯಂಕವನ್ನು ಕ್ರಮವಾಗಿ ಇಳಿಸಿದರು. ಊರೊಳಗಿನ ದೂರಗಳಿಗೆ ಅಷ್ಟು ಸಾಕಾಗಿತ್ತು.

ಪರಿಸ್ಥಿತಿಯನ್ನು ಬದಲಿಸಿದವರು ಮುಖ್ಯವಾಗಿ ಜಪಾನೀಯರು. 1976ರಲ್ಲಿ ಅಲ್ಲಿನ ದೂರವಾಣಿ ಸಂಸ್ಥೆ ಎನ್‌ಟಿಟಿ ಮತ್ತು ಫುಜಿಕುರಾ ಕಂಪನಿ ಹೈಡ್ರಾಕ್ಸಿಲ್ ಅಂಶವನ್ನು ಇನ್ನಷ್ಟು ಕಳೆದು, 1.2 ಮೈಕ್ರೋಮೀಟರ್ ತರಂಗಾಂತರದಲ್ಲಿ ನಷ್ಟವನ್ನು 0.47 ಡೆಸಿಬೆಲ್‌ಗೆ ತಂದವು. 1979ರಲ್ಲಿ ಎನ್‌ಟಿಟಿ 1.55 ಮೈಕ್ರೋಮೀಟರಿನಲ್ಲಿ 0.2 ಡೆಸಿಬೆಲ್ ಮುಟ್ಟಿತು. ಎಂದರೆ 100 ಕಿಲೋಮೀಟರ್ ಹೋದ ಮೇಲೂ ನೂರರಲ್ಲಿ ಒಂದು ಪಾಲು ಬೆಳಕು ಉಳಿಯುತ್ತದೆ. ಅಲ್ಲಿಗೆ ಕಶ್ಮಲದ ನಷ್ಟ ಬಹುತೇಕ ಮುಗಿದು, ಗಾಜಿನ ಅಣುರಚನೆಯ ಏರುಪೇರಿನಿಂದಾಗುವ ರೇಲೀ ಚದುರಿಕೆಯೇ ಮುಖ್ಯ ನಷ್ಟವಾಗಿ ಉಳಿಯಿತು. ತರಂಗಾಂತರ ಹೆಚ್ಚಿದಂತೆ ಅದರ ನಾಲ್ಕನೆಯ ಘಾತಕ್ಕೆ ವಿಲೋಮವಾಗಿ ಈ ಚದುರಿಕೆ ಇಳಿಯುವುದರಿಂದ ಅವಕೆಂಪಿನ ಕಡೆಗೆ ಸರಿದದ್ದು ಫಲಿಸಿತು. 1.3 ಮೈಕ್ರೋಮೀಟರಿನ ಸುತ್ತ ಸಿಲಿಕಾದಲ್ಲಿ ಸ್ಪಂದಗಳ ಹರಡುವಿಕೆಯೂ ಅತ್ಯಲ್ಪ. ಇಷ್ಟು ದೂರ ಬೆಳಕು ಹೋಗುವಾಗ ದಪ್ಪ ತಿರುಳಿನ ಹರಡುವಿಕೆಯೇ ಅಡ್ಡಿಯಾಯಿತು. ಆದ್ದರಿಂದ 1980ರ ದಶಕದ ಆರಂಭದಲ್ಲಿ ದೂರದ ಮಾರ್ಗಗಳೆಲ್ಲ ಕಾವೋ ಮತ್ತು ಹಾಕಮ್ ಸೂಚಿಸಿದ್ದ ಏಕವಿಧಾನದ ಫೈಬರಿಗೇ ಮರಳಿದವು.

ಗಾಜುಕುಲುಮೆ:

ಹಿರಿಯರ ಮಾತಿಗೆ ಒಂದು ಸೇರ್ಪಡೆ. ಆ ಫೈಬರಿಗೆ ನಿಜವಾದ ಪರೀಕ್ಷೆಯಾದದ್ದು ಸಮುದ್ರದ ತಳ. 1956ರಲ್ಲಿ ಅಟ್ಲಾಂಟಿಕ್ ದಾಟಿದ ಮೊದಲ ದೂರವಾಣಿ ಕೇಬಲ್ ಟ್ಯಾಟ್-1 ಆರಂಭದಲ್ಲಿ ಒಂದು ಸಲಕ್ಕೆ ಸಾಗಿಸಿದ್ದು 36 ಕರೆಗಳನ್ನು. 1988ರ ಡಿಸೆಂಬರಿನಲ್ಲಿ ಸೇವೆ ಆರಂಭಿಸಿದ ಟ್ಯಾಟ್-8, ಆ ಸಾಗರವನ್ನು ದಾಟಿದ ಮೊದಲ ಫೈಬರ್ ಕೇಬಲ್, 1.3 ಮೈಕ್ರೋಮೀಟರಿನ ಲೇಸರುಗಳಿಂದ ಪ್ರತಿ ಜೋಡಿ ಎಳೆಯಲ್ಲಿ ಸೆಕೆಂಡಿಗೆ 280 ಮೆಗಾಬಿಟ್ ಸಾಗಿಸಿ, ಸುಮಾರು 40,000 ಕರೆಗಳಿಗೆ ಜಾಗ ಕೊಟ್ಟಿತು. ಆದರೂ ಅದರ ರಿಪೀಟರುಗಳು ಬೆಳಕನ್ನು ವಿದ್ಯುತ್ತಾಗಿ, ವಿದ್ಯುತ್ತನ್ನು ಮತ್ತೆ ಬೆಳಕಾಗಿ ಬದಲಿಸುವಂಥವೇ ಆಗಿದ್ದವು. ಬೆಳಕನ್ನು ಬೆಳಕಾಗಿಯೇ ಹೆಚ್ಚಿಸುವ, ಎರ್ಬಿಯಂ ಬೆರೆಸಿದ ಫೈಬರಿನ ವರ್ಧಕವನ್ನು ಸೌತಾಂಪ್ಟನ್ ವಿಶ್ವವಿದ್ಯಾಲಯದ ಡೇವಿಡ್ ಪೇನ್ ತಂಡ 1987ರಲ್ಲಿ ಪ್ರಕಟಿಸಿತ್ತು, ಅಷ್ಟು ಹೊತ್ತಿಗೆ ಟ್ಯಾಟ್-8ರ ವಿನ್ಯಾಸ ಮುಗಿದುಹೋಗಿತ್ತು. ಅಟ್ಲಾಂಟಿಕ್‌ನಲ್ಲಿ ಆ ವರ್ಧಕಗಳು ಕೆಲಸಕ್ಕೆ ಬಂದದ್ದು 1990ರ ದಶಕದ ನಡುವಿನಲ್ಲಿ, ಟ್ಯಾಟ್-12 ಮತ್ತು 13ರ ಜೊತೆಗೆ. ಆ ಕಥೆಗೆ ಬೇರೆಯದೇ ಚರ್ಚೆ ಬೇಕು. ಮೇಡಂ ಒಪ್ಪಿದರೆ ನಾನೇ ಅದನ್ನು ಆರಂಭಿಸುತ್ತೇನೆ.